ನರ್ಸಮ್ಮ ಊರಲ್ಲಿ ನಿಲ್ಲಬೇಕಾದರೆ

ಸಂಪಾದಕರಿಗೆ,

ಮಾನ್ಯರೇ,

ಹಳ್ಳಿಗಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೂ ದಾದಿಯರೂ ನಿಲ್ಲುತ್ತಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಬಂದಾಗಲೆಲ್ಲ ಚರ್ಚೆ ಎರಡೇ ಜಾಡಿನಲ್ಲಿ ಸಾಗುತ್ತದೆ. ಸಂಬಳ ಸಾಲದು ಎನ್ನುವವರು ಒಂದು ಕಡೆಯಾದರೆ, ಈಗಿನವರಿಗೆ ಸೇವಾ ಮನೋಭಾವವೇ ಇಲ್ಲ ಎನ್ನುವವರು ಇನ್ನೊಂದು ಕಡೆ. 1986ರಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ, ಅಂದರೆ ಹಳ್ಳಿಯವರು ಕರೆಯುವಂತೆ ನರ್ಸಮ್ಮನಾಗಿ, ಕೆಲಸಕ್ಕೆ ಸೇರಿ 2024ರಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದ ನನಗೆ ಮೊದಲನೆಯದು ಅರ್ಧ ಸತ್ಯವೆಂದೂ ಎರಡನೆಯದು ಅನ್ಯಾಯದ ಮಾತೆಂದೂ ಅನ್ನಿಸುತ್ತದೆ. ಈ ಮೂವತ್ತೆಂಟು ವರ್ಷಗಳಲ್ಲಿ ಕೆಲಸ ಬಿಟ್ಟು ಹೋದವರನ್ನೂ, ಬಿಡದೆ ಉಳಿದವರನ್ನೂ, ದೇಹ ಉಳಿದು ಮನಸ್ಸು ಮಾತ್ರ ಬಿಟ್ಟುಹೋದವರನ್ನೂ ಹತ್ತಿರದಿಂದ ಕಂಡಿದ್ದೇನೆ. ಉಳಿದವರನ್ನು ಹಿಡಿದಿಟ್ಟದ್ದು ಏನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಹದಿನೆಂಟು ತಿಂಗಳ ತರಬೇತಿ ಮುಗಿಸಿದ ನನಗೆ ಮೊದಲು ಸಿಕ್ಕಿದ್ದು ಲಿಂಗನಮಕ್ಕಿ ಹಿನ್ನೀರಿನ ಆಚೆಗಿದ್ದ ಒಂದು ಉಪಕೇಂದ್ರ, ಅಂದರೆ ಹಳ್ಳಿಯ ಅತಿ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ. ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಬೆಳಗಾಗುವವರೆಗೆ ನೀರು ನೋಡುತ್ತ ಕೂರಬೇಕು. ಆ ನೀರಿನ ಮೇಲೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ನಾನು ನಿವೃತ್ತಳಾದ ಮೇಲೆ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ ಎಂಬ ಲೆಕ್ಕವಿದೆ. ಆದರೆ ಮಲೆನಾಡಿನ ಮೂರು ಸಾವಿರ ಜನ ಒಂದು ಬೀದಿಯಲ್ಲಿ ಸಿಗುವವರಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಹಳ್ಳ, ಒಂದು ಸೊಪ್ಪಿನ ಬೆಟ್ಟ ದಾಟಬೇಕು. ಸೇರಿದ ಮೂರನೆಯ ತಿಂಗಳಲ್ಲೇ ವರ್ಗಾವಣೆಯ ಅರ್ಜಿ ಬರೆದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಆ ಮಳೆಗಾಲದ ಕೊನೆಯಲ್ಲಿ ಎಂಟು ತಿಂಗಳು ತುಂಬಿದ ಬಸುರಿಯೊಬ್ಬರ ಕಾಲು ಬಾತಿದ್ದನ್ನು ಕಂಡೆ. ರಕ್ತದೊತ್ತಡ ನೋಡಿದೆ, ಸ್ಪಿರಿಟ್ ದೀಪದ ಮೇಲೆ ಮೂತ್ರ ಕಾಯಿಸಿ ಆಲ್ಬುಮಿನ್ ಪರೀಕ್ಷೆ ಮಾಡಿದೆ. ಎರಡೂ ಸರಿ ಇರಲಿಲ್ಲ. ಇವತ್ತೇ ಸಾಗರಕ್ಕೆ ಹೊರಡಬೇಕೆಂದರೆ ಮನೆಯ ಹಿರಿಯರು ಒಪ್ಪಲಿಲ್ಲ. ಕಾಲು ಬಾವು ಬಸುರಿಯರಿಗೆಲ್ಲ ಬರುವುದೇ ಎಂದರು. ನಾನು ಅಂಗಳದಲ್ಲೇ ಕುಳಿತೆ. ಮಧ್ಯಾಹ್ನ ಕಳೆಯಿತು, ದನ ಮನೆಗೆ ಬರುವ ಹೊತ್ತಾಯಿತು, ಕೊನೆಗೆ ಅತ್ತೆಯವರೇ ಚೀಲ ಕಟ್ಟಿ ಕೊಟ್ಟರು. ಕೊನೆಯ ಲಾಂಚಿನಲ್ಲಿ ನಾನೂ ಜೊತೆಗೆ ಹೋದೆ. ಬೆಳಗಿನ ಜಾವ ಆಸ್ಪತ್ರೆಯಲ್ಲೇ ಆಕೆಗೆ ಫಿಟ್ಸ್ ಬಂತು; ವೈದ್ಯರು ಹತ್ತಿರವೇ ಇದ್ದುದರಿಂದ ತಾಯಿಯೂ ಮಗುವೂ ಉಳಿದರು. ಹತ್ತು ವರ್ಷದ ಬಳಿಕ ಅದೇ ಊರಿನ ಶಾಲೆಯಲ್ಲಿ ಮಕ್ಕಳಿಗೆ ಧನುರ್ವಾಯು ಲಸಿಕೆ ಹಾಕುತ್ತಿದ್ದಾಗ ಆ ಹುಡುಗಿ ಸಾಲಿನಲ್ಲಿ ನಿಂತು ತೋಳು ಮುಂದೆ ಮಾಡಿದಳು. ವರ್ಗಾವಣೆಯ ಅರ್ಜಿ ಅಷ್ಟೂ ವರ್ಷ ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ.

ಇದನ್ನು ನನ್ನ ಹೆಗ್ಗಳಿಕೆಗೆಂದು ಬರೆಯುತ್ತಿಲ್ಲ. ಹಳ್ಳಿಯಲ್ಲಿ ದುಡಿದ ಯಾವ ಸಿಸ್ಟರನ್ನು ಕೇಳಿದರೂ ಇಂಥ ಒಂದೆರಡು ಘಟನೆ ಅವರ ಬಳಿ ಇದ್ದೇ ಇರುತ್ತದೆ, ಮತ್ತು ಅವರು ಕೆಲಸದಲ್ಲಿ ಉಳಿದ ಕಾರಣವೂ ಅದರೊಳಗೇ ಇರುತ್ತದೆ. ಆರೋಗ್ಯ ಸಿಬ್ಬಂದಿಯನ್ನು ಕಟ್ಟಿಹಾಕುವುದು ತಾನು ಮಾಡಿದ ಕೆಲಸದ ಫಲ ತನ್ನ ಕಣ್ಣಿಗೇ ಬೀಳುವುದು. ಚುಚ್ಚಿದ ಮಗು ಬೆಳೆದದ್ದನ್ನು, ಆಸ್ಪತ್ರೆಗೆ ಕಳಿಸಿದ ಬಾಣಂತಿ ಮರಳಿ ಬಂದದ್ದನ್ನು, ಆರು ತಿಂಗಳು ಮಾತ್ರೆ ನುಂಗಿಸಿದ ಕ್ಷಯ ರೋಗಿ ತೋಟದ ಕೆಲಸಕ್ಕೆ ಹೊರಟದ್ದನ್ನು ನೋಡುವ ಅವಕಾಶ ಇರುವವರೆಗೆ, ಎಷ್ಟೇ ದಣಿದರೂ ಮರುದಿನ ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಲು ಮನಸ್ಸು ಬರುತ್ತದೆ. ಆ ನೋಟವನ್ನು ತಪ್ಪಿಸಿಬಿಟ್ಟರೆ ಉಳಿಯುವುದು ಬರೀ ದಣಿವು. ನಮ್ಮ ವ್ಯವಸ್ಥೆ ಕಳೆದ ಕೆಲವು ವರ್ಷಗಳಿಂದ, ಬೇಕೆಂದು ಮಾಡದಿದ್ದರೂ, ಆ ನೋಟವನ್ನು ಒಂದೊಂದಾಗಿ ತಪ್ಪಿಸುತ್ತಿದೆ ಎಂಬುದೇ ನನ್ನ ಆತಂಕ.

ರಾಜ್ಯದ ಅಂಕಿಗಳನ್ನೇ ನೋಡಿ. 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019–20ರ ಸಮೀಕ್ಷೆಯಲ್ಲಿ 97ಕ್ಕೇರಿದವು. ಈ ಇಳಿಕೆಯಲ್ಲೂ ಏರಿಕೆಯಲ್ಲೂ ವೈದ್ಯರ, ದಾದಿಯರ, ಆಶಾ ಕಾರ್ಯಕರ್ತೆಯರ, 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸಿನ ಚಾಲಕರ ಕೈಗಳಿವೆ. ಆದರೆ ಇದು ನಿಮ್ಮ ಉಪಕೇಂದ್ರದ ಪಾಲು, ನಿಮ್ಮ ಹತ್ತು ವರ್ಷದ ಕೆಲಸದಿಂದ ನಿಮ್ಮ ಊರಲ್ಲಿ ಇಷ್ಟು ಬದಲಾಗಿದೆ ಎಂದು ಯಾರೂ ಒಂದು ಹಾಳೆಯಲ್ಲಿ ಬರೆದು ನಮ್ಮ ಕೈಗೆ ಕೊಟ್ಟ ನೆನಪು ನನಗಿಲ್ಲ. ಅಂಕಿಗಳು ಕೆಳಗಿನಿಂದ ಮೇಲೆ ಹೋಗುತ್ತವೆ. ಮೇಲಿನಿಂದ ಕೆಳಗೆ ಬರುವುದು ಮುಂದಿನ ತಿಂಗಳ ಗುರಿ ಮಾತ್ರ.

ಗುರಿಯ ವಿಷಯದಲ್ಲಿ ನಮ್ಮ ತಲೆಮಾರಿಗೆ ಕಹಿ ನೆನಪುಗಳಿವೆ. ನಾನು ಸೇರಿದ ಕಾಲದಲ್ಲಿ ಪ್ರತಿಯೊಬ್ಬ ಆರೋಗ್ಯ ಸಹಾಯಕಿಯೂ ವರ್ಷಕ್ಕೆ ಇಷ್ಟು ಸಂತಾನ ಶಕ್ತಿ ಹರಣ ಶಸ್ತ್ರಚಿಕಿತ್ಸೆಯ ‘ಕೇಸು’ ತರಬೇಕೆಂಬ ನಿಗದಿ ಇತ್ತು. ಮಾರ್ಚ್ ತಿಂಗಳು ಬಂತೆಂದರೆ ನಿದ್ದೆ ಬರುತ್ತಿರಲಿಲ್ಲ. ನಾವು ಬರುವುದನ್ನು ದೂರದಿಂದ ಕಂಡು ಹೆಂಗಸರು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು; ಮಗುವಿಗೆ ಲಸಿಕೆ ಹಾಕಲು ಬಂದೆ ಎಂದರೂ ನಂಬುತ್ತಿರಲಿಲ್ಲ. 1996ರ ಏಪ್ರಿಲ್‌ನಿಂದ ದೇಶದಾದ್ಯಂತ ಆ ಗುರಿಗಳನ್ನು ಕೈಬಿಟ್ಟ ಮೇಲೆ ಅವೇ ಮನೆಗಳ ಮುಂಬಾಗಿಲು ನಿಧಾನವಾಗಿ ತೆರೆದುಕೊಂಡಿತು. ಅದೇ ಕೆಲಸ, ಅದೇ ಸಂಬಳ, ಅದೇ ಗುಡ್ಡ. ಆದರೆ ಜನ ನಮ್ಮನ್ನು ಕಂಡು ಅಡಗುವುದು ನಿಂತದ್ದರಿಂದ ಕೆಲಸವೇ ಬೇರೆಯಾಗಿತ್ತು. ಆಗ ಸೇರಿದ ಕಿರಿಯರಿಗೆ ಈ ವ್ಯತ್ಯಾಸ ಗೊತ್ತಿರಲಾರದು. ನನಗಂತೂ ನನ್ನ ಸೇವೆಯ ಅತ್ಯಂತ ದೊಡ್ಡ ಬಿಡುಗಡೆ ಅದು.

ಈಗ ಗುರಿ ಇನ್ನೊಂದು ವೇಷದಲ್ಲಿ ಮರಳಿದೆ. ಗರ್ಭಿಣಿಯರ ಮತ್ತು ಮಕ್ಕಳ ವಿವರಕ್ಕೆ ಆರ್‌ಸಿಎಚ್ ಪೋರ್ಟಲ್, ಲಸಿಕೆಗೆ ಯು-ವಿನ್, ಕ್ಷಯಕ್ಕೆ ನಿಕ್ಷಯ್, ಬಿಪಿ ಶುಗರಿಗೆ ಎನ್‌ಸಿಡಿ ಪೋರ್ಟಲ್, ಜ್ವರ ಭೇದಿಗೆ ಐಎಚ್‌ಐಪಿ, ತಿಂಗಳ ವರದಿಗೆ ಎಚ್‌ಎಂಐಎಸ್. ಇವೆಲ್ಲದರ ಜೊತೆಗೆ ತಾಯಿ ಕಾರ್ಡೂ ಹಳೆಯ ರಿಜಿಸ್ಟರುಗಳೂ ಹಾಗೆಯೇ ಇವೆ. ಒಬ್ಬ ಬಾಣಂತಿಯ ಹೆಸರು, ಊರು, ವಯಸ್ಸು, ಫೋನ್ ನಂಬರನ್ನು ಬೇರೆ ಬೇರೆ ಕಡೆ ಮತ್ತೆ ಮತ್ತೆ ತುಂಬಬೇಕು. ಕಂಪ್ಯೂಟರಿಗೆ ನಾನು ವಿರೋಧಿಯಲ್ಲ. ಯಾವ ಮಗುವಿಗೆ ಯಾವ ವಾರ ಯಾವ ಲಸಿಕೆ ಬಾಕಿ ಎಂಬ ಪಟ್ಟಿ ಫೋನಿನಲ್ಲೇ ಸಿಕ್ಕಾಗ, ರಾತ್ರಿ ಕುಳಿತು ರಿಜಿಸ್ಟರಿನಿಂದ ಹೆಸರು ಹುಡುಕುತ್ತಿದ್ದ ನಮಗೆ ಅದೊಂದು ದೊಡ್ಡ ಉಪಕಾರವಾಗಿತ್ತು. ತೊಂದರೆ ಇರುವುದು ನೆಟ್‌ವರ್ಕ್ ಸಿಗದ ಊರಿನಲ್ಲಿ ಗುಡ್ಡ ಹತ್ತಿ ನಿಂತು ಅಪ್‌ಲೋಡ್ ಮಾಡುವ ಹುಡುಗಿಯ ದಿನದ ಅರ್ಧ ಅದಕ್ಕೇ ಹೋಗುವುದರಲ್ಲಿ, ಮತ್ತು ಮನೆ ಭೇಟಿ ತಪ್ಪಿದ್ದಕ್ಕೆ ಯಾರೂ ಕೇಳದೆ ಎಂಟ್ರಿ ತಪ್ಪಿದ್ದಕ್ಕೆ ಎಲ್ಲರೂ ಕೇಳುವುದರಲ್ಲಿ. ನನ್ನ ಕೈಕೆಳಗೆ ದುಡಿದ ಒಬ್ಬ ಕಿರಿಯ ಸಹೋದ್ಯೋಗಿ ಒಮ್ಮೆ, ‘ಮೇಡಂ, ನಾನು ಈ ತಿಂಗಳು ಮಕ್ಕಳ ಮುಖಕ್ಕಿಂತ ಮೊಬೈಲ್ ಮುಖವನ್ನೇ ಹೆಚ್ಚು ನೋಡಿದ್ದೇನೆ’ ಎಂದು ಅತ್ತಳು. ಆಕೆ ಮುಂದಿನ ವರ್ಷ ಕೆಲಸ ಬಿಟ್ಟಳು. ಒಳ್ಳೆಯ ಕೈಗುಣದ ಹುಡುಗಿ. ಅವಳು ಚುಚ್ಚಿದರೆ ಮಗು ಅಳುವುದೂ ಕಡಿಮೆ ಎಂದು ತಾಯಂದಿರು ಹೇಳುತ್ತಿದ್ದರು.

ಮಾಸಿಕ ಸಭೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಬ್ಬಂದಿಯ ಮನಸ್ಸು ಗಟ್ಟಿಯಾಗುವುದೂ ಮುರಿಯುವುದೂ ಹೆಚ್ಚಾಗಿ ಅಲ್ಲಿಯೇ. ನನ್ನ ಸೇವೆಯಲ್ಲಿ ಹತ್ತಾರು ವೈದ್ಯಾಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದ್ದೇನೆ. ಒಬ್ಬರು ಸಭೆ ಆರಂಭಿಸುತ್ತಿದ್ದುದೇ, ‘ಈ ತಿಂಗಳು ನಿಮಗೆ ಕಷ್ಟವಾದ ಮನೆ ಯಾವುದು?’ ಎಂಬ ಪ್ರಶ್ನೆಯಿಂದ. ಒಬ್ಬೊಬ್ಬರೂ ಹೇಳಬೇಕು, ಹೇಳಿದ ಮೇಲೆ ಉಳಿದವರು ದಾರಿ ಸೂಚಿಸಬೇಕು, ಅಗತ್ಯ ಬಿದ್ದರೆ ಅವರೇ ಜೀಪು ಹತ್ತಿ ಆ ಮನೆಗೆ ಬರುತ್ತಿದ್ದರು. ಲಸಿಕೆ ಬೇಡವೆಂದ ಮನೆಗೆ ದೊಡ್ಡ ಡಾಕ್ಟರೇ ಬಂದು ಜಗಲಿಯ ಮೇಲೆ ಕುಳಿತು ಚಹಾ ಕುಡಿದು ಹೋದರೆ, ಮರುದಿನದಿಂದ ಆ ಊರಿನಲ್ಲಿ ನರ್ಸಮ್ಮನ ಮಾತಿಗೆ ಬರುವ ತೂಕವನ್ನು ಯಾವ ಪ್ರಶಸ್ತಿ ಪತ್ರವೂ ತರಲಾರದು. ಇನ್ನೊಬ್ಬರ ಕಾಲದಲ್ಲಿ ಶೇಕಡಾವಾರು ಕಡಿಮೆ ಇದ್ದವರು ಸಭೆ ಮುಗಿಯುವವರೆಗೆ ಎದ್ದು ನಿಲ್ಲಬೇಕಿತ್ತು. ಐವತ್ತು ದಾಟಿದ, ನೂರಾರು ಹೆರಿಗೆ ಮಾಡಿಸಿದ ಹೆಂಗಸರು ಶಾಲೆಯ ಮಕ್ಕಳಂತೆ ತಲೆ ತಗ್ಗಿಸಿ ನಿಂತದ್ದನ್ನು ನೋಡಿದ್ದೇನೆ, ನಾನೂ ನಿಂತಿದ್ದೇನೆ. ಆ ವರ್ಷ ನಮ್ಮ ವರದಿಗಳ ಶೇಕಡಾವಾರು ಏರಿತು. ಹೇಗೆ ಏರಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹೆದರಿದವರು ಬರೆಯುವ ಅಂಕಿ ಯಾವುದೆಂದು ಓದುಗರಿಗೆ ಗೊತ್ತು.

2018ರ ಕೊನೆ ಮತ್ತು 2019ರ ಆರಂಭದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಹಬ್ಬಿ ಹಲವರು ತೀರಿಕೊಂಡ ದಿನಗಳು ಈ ವಿಷಯದಲ್ಲಿ ನನಗೆ ಬಹಳ ಕಲಿಸಿದವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುವಂಥದ್ದು. ಮಂಗ ಸತ್ತ ಕಾಡಿಗೆ ಸೊಪ್ಪು, ದರಕು, ಸೌದೆಗೆ ಹೋಗುವ ಜನರಷ್ಟೇ ಅಲ್ಲದೆ ಅದೇ ಕಾಡಿನ ದಾರಿಯಲ್ಲಿ ಮನೆ ಮನೆ ತಿರುಗುವ ಸಿಬ್ಬಂದಿಗೂ ಅಪಾಯವಿರುತ್ತದೆ. ಆದರೂ ಆ ತಿಂಗಳುಗಳಲ್ಲಿ ಕೆಲಸದಿಂದ ಹಿಂದೆ ಸರಿದವರನ್ನು ನಾನು ಕಾಣಲಿಲ್ಲ. ಜ್ವರ ಬಂದವರ ಪಟ್ಟಿ, ರಕ್ತದ ಮಾದರಿ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಹಂಚಿಕೆ, ಲಸಿಕೆ ಎಂದು ಬೆಳಗಿನಿಂದ ಕತ್ತಲಾಗುವವರೆಗೆ ನಡೆದೇ ನಡೆದರು. ಅವರನ್ನು ಬೇಗ ಕುಗ್ಗಿಸಿದ್ದು ರೋಗದ ಭಯಕ್ಕಿಂತ ಬಾರದ ವರದಿ. ರಕ್ತ ತೆಗೆದುಕೊಂಡು ಹೋಗಿ ವಾರವಾದರೂ ಫಲಿತಾಂಶ ಕೈಗೆ ಸಿಗದಿದ್ದರೆ, ಆ ಮನೆಯ ಮುಂದೆ ಹಾದು ಹೋಗುವುದೇ ಕಷ್ಟವಾಗುತ್ತದೆ. ‘ರಕ್ತ ತಗೊಂಡು ಹೋದ್ರಲ್ಲ, ಏನು ಬಂತು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಆಶಾ ಕಾರ್ಯಕರ್ತೆ ಮರುದಿನ ಬೇರೆ ದಾರಿ ಹಿಡಿಯುತ್ತಾಳೆ. ವರದಿ ಎರಡು ದಿನದಲ್ಲಿ ಬಂದಾಗ ಅದೇ ಹೆಣ್ಣುಮಗಳು ಕಾಗದ ಕೈಯಲ್ಲಿ ಹಿಡಿದು ಓಡಿದ್ದನ್ನೂ ಕಂಡಿದ್ದೇನೆ.

ಮಂಗನ ಕಾಯಿಲೆಯ ಲಸಿಕೆಯ ಕಥೆಯನ್ನೂ ಇಲ್ಲಿ ಸೇರಿಸಬೇಕು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ಬಹಳ ನೋಯುತ್ತಿದ್ದುದರಿಂದ ಎರಡನೆಯ ಸಲಕ್ಕೆ ಜನ ಸಿಗುತ್ತಿರಲಿಲ್ಲ. ವರ್ಷಾನುಗಟ್ಟಲೆ ನಾವು ಕೈಮುಗಿದು, ಬೇಡಿ, ಜಗಳವಾಡಿ ಅದನ್ನು ಹಾಕಿದೆವು. 2022ರಲ್ಲಿ, ಅದರಿಂದ ಸಿಗಬೇಕಾದ ರಕ್ಷಣೆ ಸಿಗುತ್ತಿಲ್ಲವೆಂದು, ಬಳಕೆ ನಿಂತಿತು. ನಿಲ್ಲಿಸಿದ್ದು ಸರಿಯೇ ಇರಬೇಕು, ವಿಜ್ಞಾನ ತಿದ್ದಿಕೊಳ್ಳಬೇಕು. ಆದರೆ ನಿನ್ನೆಯವರೆಗೆ ಒಳ್ಳೆಯದೆಂದು ಹೇಳಿದ ಬಾಯಿಯೇ ಇಂದು ಬೇಡವೆನ್ನಬೇಕಾದಾಗ, ಏಕೆ ಎಂಬುದನ್ನು ಮೊದಲು ತಿಳಿಯುವ ಹಕ್ಕು ಆ ಬಾಯಿಗಿದೆ. ಊರವರ ಪ್ರಶ್ನೆಗೆ ಏನು ಹೇಳಬೇಕೆಂದು ತಿಳಿಯದೆ ನಿಂತ ಕಿರಿಯರನ್ನು ನೋಡಿ ನನಗೆ ಬಹಳ ನೋವಾಯಿತು. ಹಳ್ಳಿಯಲ್ಲಿ ನಮ್ಮ ಬಂಡವಾಳವೆಂದರೆ ಮಾತಿನ ಮೇಲಿನ ನಂಬಿಕೆ. ಅದು ಹೋದರೆ ಸಂಬಳ ಎಷ್ಟು ಬಂದರೂ ಕೆಲಸ ರುಚಿಸುವುದಿಲ್ಲ.

ಕೆಲಸದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದಲ್ಲಿ ವಿವರಿಸಿದಾಗ ಅದನ್ನು ಕಾಯಿಲೆಯೆಂದು ಕರೆಯಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಅದಕ್ಕೆ ಹೇಳಿದ ಲಕ್ಷಣಗಳು ಮೂರು: ಶಕ್ತಿ ಸೋರಿಹೋದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಮೊದಲನೆಯದಕ್ಕೆ ರಜೆ, ನಿದ್ದೆ, ಇನ್ನೊಬ್ಬ ಸಿಬ್ಬಂದಿಯ ನೇಮಕ ಮದ್ದಾಗಬಹುದು. ಎರಡನೆಯದೂ ಮೂರನೆಯದೂ ರಜೆಯಿಂದ ವಾಸಿಯಾಗುವಂಥವಲ್ಲ. ಕೋವಿಡ್ ಕಾಲದಲ್ಲಿ ದಿನಕ್ಕೆ ಹದಿನಾಲ್ಕು ತಾಸು ದುಡಿದ ದಾದಿಯರು ಆಗ ಕೆಲಸ ಬಿಡಲಿಲ್ಲ. ಅದೆಲ್ಲ ಮುಗಿದು ಒಂದೆರಡು ವರ್ಷವಾದ ಮೇಲೆ, ಕೆಲಸ ಹಗುರವಾಗಿದ್ದಾಗ ಬಿಟ್ಟವರನ್ನು ನಾನು ಬಲ್ಲೆ.

ಇಷ್ಟು ಹೇಳಿದ ಮಾತ್ರಕ್ಕೆ ಸಂಬಳದ ಪ್ರಶ್ನೆಯನ್ನು ಬದಿಗೆ ಸರಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಗೌರವ ಸಿಕ್ಕಿತು. ಅದೇ ಹೆಣ್ಣುಮಕ್ಕಳು 2025ರ ಜನವರಿಯ ಚಳಿಯಲ್ಲಿ ಗೌರವಧನದ ಹೆಚ್ಚಳಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಒಂದೇ ಹೆರಿಗೆ ಕೋಣೆಯಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ಕೆಲಸ ಮಾಡುವ ಇಬ್ಬರು ದಾದಿಯರಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಗುತ್ತಿಗೆಯವರಿಗೆ ಮುಂದಿನ ವರ್ಷದ ನವೀಕರಣದ್ದೇ ಚಿಂತೆ. ಹೀಗಿರುವಾಗ ಅವರ ಮುಂದೆ ತ್ಯಾಗದ ಮಾತಾಡಲು ನನಗೆ ನಾಲಿಗೆ ಬರುವುದಿಲ್ಲ. ‘ಸೇವೆ’ ಎಂಬ ದೊಡ್ಡ ಪದವನ್ನು ಕಡಿಮೆ ಕೂಲಿಗೆ ಸಮರ್ಥನೆಯಾಗಿ ಬಳಸುವುದನ್ನು ಮೊದಲು ನಿಲ್ಲಿಸಬೇಕು. ನ್ಯಾಯವಾದ ಸಂಬಳ ಮನೆಯ ಪಾಯವಿದ್ದಂತೆ. ಪಾಯವೇ ಇಲ್ಲದೆ ಗೋಡೆ ನಿಲ್ಲದು, ಪಾಯ ಹಾಕಿದ ಮಾತ್ರಕ್ಕೆ ಮನೆಯೂ ಆಗದು. ಒಳ್ಳೆಯ ಸಂಬಳ ಪಡೆಯುವ ಕಾಯಂ ನೌಕರರೂ ವರ್ಗಾವಣೆಗೆ ಅಲೆಯುವುದು ಅದಕ್ಕೇ.

ಸುರಕ್ಷತೆಯೂ ಅಂಥದ್ದೇ ಪಾಯದ ಕಲ್ಲು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ನಡೆದ ಕ್ರೌರ್ಯದ ಬಳಿಕ ಸುಪ್ರೀಂ ಕೋರ್ಟೇ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಕಾನೂನು ಬೇಕು. ಆದರೆ ಉಪಕೇಂದ್ರದ ಹಿಂದಿನ ವಸತಿಯಲ್ಲಿ ಒಂಟಿಯಾಗಿರುವ ಹೆಣ್ಣಿಗೆ ಅಂದಂದಿಗೆ ಬೇಕಿರುವುದು ಗಟ್ಟಿ ಚಿಲಕ, ದೀಪ, ನೀರಿರುವ ಶೌಚಾಲಯ ಮತ್ತು ರಾತ್ರಿ ಕರೆದರೆ ಓಗೊಡುವ ಒಂದು ಮನೆ. ಇವಿಲ್ಲದ ಕಡೆ ಆಕೆ ಪೇಟೆಯಲ್ಲಿ ಮನೆ ಮಾಡಿ ಬಸ್ಸಿನಲ್ಲಿ ಓಡಾಡಿದರೆ ಅದನ್ನು ಸೋಮಾರಿತನವೆಂದು ಬರೆಯುವುದು ತಪ್ಪು.

ವೈದ್ಯರ ವಿಷಯದಲ್ಲಿ ನನ್ನ ಅನುಭವ ಕಡಿಮೆ, ಆದ್ದರಿಂದ ಒಂದೇ ಸಂಗತಿ ಹೇಳುತ್ತೇನೆ. 2012ರ ಕಡ್ಡಾಯ ಸೇವಾ ಕಾಯ್ದೆಯಂತೆ ಒಂದು ವರ್ಷಕ್ಕೆಂದು ಹಳ್ಳಿಗೆ ಬರುವ ಯುವ ವೈದ್ಯರಲ್ಲಿ ಹೆಚ್ಚಿನವರು ದಿನ ಎಣಿಸುತ್ತಾರೆ. ಹಾಗೆ ಬಂದ ಒಬ್ಬ ಹುಡುಗ ಅಡಿಕೆ ಕೊಯ್ಲಿನ ಕಾಲದಲ್ಲಿ ಹಾವು ಕಡಿದ ಕೂಲಿಯವನೊಬ್ಬನನ್ನು ರಾತ್ರಿಯಿಡೀ ಪಕ್ಕದಲ್ಲಿ ಕುಳಿತು ಉಳಿಸಿಕೊಂಡ. ವಿಷನಿರೋಧಕ ಔಷಧ ಅಂದು ಕೇಂದ್ರದಲ್ಲೇ ಇತ್ತು, ಕೈಜೋಡಿಸಲು ಅನುಭವಿ ದಾದಿ ಇದ್ದರು. ಆತ ವರ್ಷ ಮುಗಿದ ಮೇಲೂ ಎರಡು ವರ್ಷ ನಮ್ಮಲ್ಲೇ ಉಳಿದ. ಔಷಧ ಇಲ್ಲದೆ ಆ ರೋಗಿ ಆತನ ಕಣ್ಣೆದುರೇ ಸತ್ತಿದ್ದರೆ ಏನಾಗುತ್ತಿತ್ತೋ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು ಸೋಲಿಗರ ನಡುವೆ, 1984ರಿಂದ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ದಶಕಗಳ ಕಾಲ ನಿಂತದ್ದನ್ನು ನಾವೆಲ್ಲ ಗೌರವದಿಂದ ಸ್ಮರಿಸುತ್ತೇವೆ. ಆದರೆ ಎಲ್ಲರೂ ಅಂಥವರಾಗಲಿ ಎಂದು ಕಾಯುವುದು ವ್ಯವಸ್ಥೆಯ ಕೆಲಸವಲ್ಲ. ಸಾಮಾನ್ಯ ಮನಸ್ಸಿನ ಒಬ್ಬ ವೈದ್ಯನ ಕೈಗೆ ಬೇಕಾದ ಔಷಧ, ಜೊತೆಗಾರರು, ತಲೆಯ ಮೇಲೆ ಸೂರು ಒದಗಿಸಿದರೆ ಆತನೂ ನಿಲ್ಲುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ.

ಆಳುವವರಲ್ಲಿ ನನ್ನ ಕೋರಿಕೆಗಳು ದುಬಾರಿಯವಲ್ಲ. ಒಬ್ಬ ರೋಗಿಯ ವಿವರವನ್ನು ಒಂದೇ ಸಲ ಬರೆಯುವಂತೆ ಪೋರ್ಟಲ್‌ಗಳನ್ನು ಜೋಡಿಸಲಿ. ಮಾಸಿಕ ಸಭೆಯ ಮೊದಲ ಗಂಟೆಯನ್ನು ಅಂಕಿಗಳಿಗೆ ಕೊಡದೆ ಕಷ್ಟದ ಮನೆಗಳಿಗೆ ಮೀಸಲಿಡಲಿ. ವರ್ಗಾವಣೆಯ ಕೌನ್ಸೆಲಿಂಗ್ ನಡೆಸುವಾಗ, ಇರುವ ಊರಿನಲ್ಲೇ ಉಳಿಯಲು ಬಯಸುವವರನ್ನು ಅವಧಿ ಮುಗಿಯಿತೆಂದು ಎಬ್ಬಿಸದಿರಲಿ. ಒಂದು ಊರಿನ ಬಸುರಿಯರ ಹೆಸರು ಬಾಯಿಪಾಠವಾಗಲು ಎರಡು ವರ್ಷ ಬೇಕು.

ಇನ್ನೊಂದು ಕೋರಿಕೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಉಪಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೂ ಜಿಲ್ಲಾ ಆಸ್ಪತ್ರೆಗೂ ನಾವು ಚೀಟಿ ಬರೆದು ಕಳಿಸಿದ ರೋಗಿ ಆಮೇಲೆ ಏನಾದರು ಎಂಬುದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ನಾನು ಹಲವು ವರ್ಷ ಹೆರಿಗೆ ವಾರ್ಡಿನಲ್ಲಿದ್ದ ಒಬ್ಬ ಗೆಳತಿಗೆ ಸಂಜೆ ಫೋನ್ ಮಾಡುತ್ತಿದ್ದೆ. ಆಕೆ ತನ್ನ ಪಾಳಿ ಮುಗಿದ ಮೇಲೂ ನಿಂತು, ನಮ್ಮ ಕಡೆಯಿಂದ ಬಂದವರ ಹೆಸರು ಓದಿ, ಗಂಡೋ ಹೆಣ್ಣೋ, ತೂಕ ಎಷ್ಟು, ತಾಯಿ ಹೇಗಿದ್ದಾರೆ ಎಂದು ಹೇಳುತ್ತಿದ್ದಳು. ಕೆಟ್ಟ ಸುದ್ದಿಯಿದ್ದರೆ ಅದನ್ನೂ ಹೇಳುತ್ತಿದ್ದಳು; ಎಲ್ಲಿ ತಡವಾಯಿತೆಂದು ಇಬ್ಬರೂ ಲೆಕ್ಕ ಹಾಕುತ್ತಿದ್ದೆವು. ಆ ಫೋನ್ ಕರೆಗೆ ಯಾವ ಸುತ್ತೋಲೆಯೂ ಇರಲಿಲ್ಲ, ಆಕೆಯ ನಿವೃತ್ತಿಯೊಂದಿಗೆ ಅದು ನಿಂತೂ ಹೋಯಿತು. ಕಳಿಸಿದ ಪ್ರತಿಯೊಬ್ಬ ರೋಗಿಯ ಸುದ್ದಿಯೂ ಕಳಿಸಿದವರಿಗೆ ಮೂರು ದಿನದೊಳಗೆ ಮರಳಿ ಮುಟ್ಟಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕಾಗಿ ಆರೋಗ್ಯ ಸಚಿವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ